ನಟ್ಟನಡುವೆ ಇಲ್ಲದ ಪಿಲ್ಲರ್

ಒಂದು ಒಗಟು. ತಲೆ ಮೇಲೆ ಹೊರೆ ಇಲ್ಲ, ಆದ್ರೂ ಬಾಗಿದೆ. ಇಳಿಸಿಕೊಡೋಣ ಅಂದ್ರೆ ಇಳಿಸೋಕೆ ಏನೂ ಇಲ್ಲ. ಏನದು?

ನಮ್ಮ ಗಣಿತದ ಮೇಷ್ಟ್ರ ಬೆನ್ನು ಅಂತೀರಾ? ಅಲ್ಲ. ಬಿಟ್ಟುಬಿಡಿ, ಉತ್ತರ ನಂಗೂ ಗೊತ್ತಿಲ್ಲ. ಓದಿ ಓದಿ ಕನ್ನಡಕ ಹಾಕಿಸಿಕೊಂಡ ನಮ್ಮ ದೊಡ್ಡಮ್ಮನ ಮಗಳಿಗೇ ಹೊಳೀಲಿಲ್ಲ. ಒಂಬತ್ತನೇ ಕ್ಲಾಸನ್ನ ಎರಡೆರಡು ಸಲ ಓದಿ ಬಿಟ್ಟವನು ನಾನು, ನನಗೆಲ್ಲಿಂದ ಹೊಳೀಬೇಕು?

ಆ ಅಕ್ಕನ ಕೆಲಸ ಕಟ್ಟಡಗಳ ಲೆಕ್ಕ. ಕಂಪ್ಯೂಟರಲ್ಲಿ ಕಟ್ಟಡ ಬಿಡಿಸಿ, ಭಾರ ಹೇರಿ, ಗುಂಡಿ ಒತ್ತಿದ್ರೆ ಯಾವ ಬೀಮು ಎಷ್ಟು ಬಾಗುತ್ತೆ ಅಂತ ಸಾಫ್ಟ್‌ವೇರ್ ಹೇಳುತ್ತೆ. ಒಂದು ರಾತ್ರಿ ಹತ್ತೂವರೆಗೆ, ಲ್ಯಾಪ್‌ಟಾಪ್ ಬ್ಯಾಗ್ ನೇತುಹಾಕಿಕೊಂಡು ಹಳೇ ಬಾವಿ ಪಕ್ಕದ ದಾರೀಲಿ ಮನೆಗೆ ಬರ್ತಿದ್ದಳು. ಬಾವಿ ಆಚೆಗೇ ಅವಳು ಲೆಕ್ಕ ಹಾಕ್ತಿದ್ದ ಶಾಲೆ ಕಟ್ಟಡ. ಬಾವಿಯೊಳಗೆ ಹನಿ ಬೀಳೋ ಸದ್ದು. ತೊಟ್... ತೊಟ್... ಕಟ್ಟೆ ಮೇಲೆ ಗೇಣು ಮೇಸ್ತ್ರಿ ಕೂತಿದ್ದ. ಜೇಬಲ್ಲಿ ಟೇಪು ಇದ್ರೂ ಗೇಣು ಹಾಕಿಯೇ ಅಳೆಯೋ ಮನುಷ್ಯ, ಅದಕ್ಕೇ ಆ ಹೆಸರು. ಬೆಳಗ್ಗೆ ಕಾಂಕ್ರೀಟು ಅಂತ ಅಲ್ಲೇ ಮಲಗೋಕೆ ಬಂದಿದ್ದ.

"ಲೆಕ್ಕ ಬಂತಾ ತಾಯಿ?" ಪಿಸುಗುಟ್ಟಿದ.

"ಇಲ್ಲ ಮೇಸ್ತ್ರಿ. ಶಾಲೆಯ ದೊಡ್ಡ ಹಾಲ್‌ನ ಬೀಮು ಬಾಗ್ತಿದೆ."

"ಎಷ್ಟು?"

"ನಿಮ್ಮ ಅಳತೇಲಿ... ನಾಲ್ಕು ಗೇಣು."

ಅವನು ನಗಲಿಲ್ಲ. "ಆರಕ್ಕೆ ಲಾರಿ ಬರುತ್ತೆ. ಸುರಿದ ಮೇಲೆ ಯಾರಪ್ಪ ಬಂದ್ರೂ ತಿದ್ದೋಕಾಗಲ್ಲ. ಕೆಳಗೆ ಮುನ್ನೂರು ಮಕ್ಕಳು ಕೂರ್ತಾರೆ... ನೋಡ್ಕೋ."

ಮನೇಲಿ ಊಟ ಬಿಟ್ಟು ಕೂತಳು. ಬೆರಳು ದಪ್ಪ ಬಾಗಬೇಕಾದ ಬೀಮು ಪರದೆ ಮೇಲೆ ಬಟ್ಟೆ ಒಣಹಾಕೋ ಹಗ್ಗದ ಥರ ಜೋತುಬಿದ್ದಿತ್ತು. ಚಿತ್ರವನ್ನ ಹಿಗ್ಗಿಸಿ ತೋರಿಸ್ತಿದೆಯಾ? ಇಲ್ಲ. ಮೀಟರ್ ಇರಬೇಕಾದಲ್ಲಿ ಮಿಲಿಮೀಟರ್ ಬಿದ್ದಿದೆಯಾ? ಇಲ್ಲ. ತುದಿಗಳು ಪಿಲ್ಲರಿಗೆ ಸೇರಿಲ್ವಾ? ಸೇರಿವೆ. ರೇಗಿಹೋಗಿ ಹೇರಿದ್ದ ಭಾರವನ್ನೆಲ್ಲ ತೆಗೆದು ಬಿಸಾಕಿದಳು. ಬೀಮಿನ ಸ್ವಂತ ತೂಕವನ್ನೂ. ಗುಂಡಿ ಒತ್ತಿದಳು.

ಒಂಬೈನೂರು ಮಿಲಿಮೀಟರ್.

ಮತ್ತೆ ಒತ್ತಿದಳು... ಒಂಬೈನೂರ ನಾಲ್ಕು.

ಹನ್ನೆರಡಕ್ಕೆ ಆಫೀಸಿನ ಸಾಹೇಬರ ಫೋನು. "ರಿಪೋರ್ಟ್ ಎಲ್ಲಮ್ಮ?"

"ಸರ್, ಮೇಲೆ ಏನೂ ಇಡದೆ ಬೀಮು ಬಾಗ್ತಿದೆ."

"ಬಾಗಿರೋದು ನಿನ್ನ ತಲೆ. ನೆಟ್ಟಗೆ ಮಾಡಿ ಕಳಿಸು. ಇಲ್ಲಾಂದ್ರೆ ನಾಳೆಯಿಂದ ಮನೇಲೇ ಇರು."

ಅಕ್ಕ ಭಾರವನ್ನೆಲ್ಲ ವಾಪಸ್ ಹಾಕಿ, ಚಿತ್ರದಲ್ಲಿ ಬೀಮಿನ ನಟ್ಟನಡುವೆ ಒಂದು ಪಿಲ್ಲರ್ ನಿಲ್ಲಿಸಿದಳು. ನಿಜವಾದ ಹಾಲ್‌ನಲ್ಲಿ ಅಲ್ಲಿ ಪಿಲ್ಲರೇ ಇಲ್ಲ. ಬೀಮು ಸರ್ರನೆ ನೆಟ್ಟಗಾಯ್ತು. ಸಹಿ ಹಾಕಿ ಕಳಿಸಿಬಿಟ್ಟಳು.

ಆಗ ಕೇಳಿಸ್ತು.

ಹುಂ...ಹ್.

ಮೂಟೆ ಹೆಗಲಿಗೇರಿಸಿಕೊಳ್ಳುವಾಗ ಹಮಾಲಿ ಬಿಡ್ತಾನಲ್ಲ, ಆ ಉಸಿರು. ಲ್ಯಾಪ್‌ಟಾಪಿನ ಸದ್ದು ಬಂದ್ ಮಾಡಿದ್ದಳು.

ಯಾವ ಪಿಲ್ಲರ್ ಎಷ್ಟು ಹೊರ್ತಿದೆ ಅನ್ನೋ ಪಟ್ಟಿ ತೆಗೆದು ನೋಡಿದಳು. ಎಡಗಡೆಯದು, ಸೊನ್ನೆ. ಬಲಗಡೆಯದು, ಸೊನ್ನೆ. ಇಡೀ ಛಾವಣಿಯ ಭಾರ ನಡುವಿನದರ ಮೇಲೆ. ಸಾಹೇಬರ ಫೋನು ಸ್ವಿಚ್ ಆಫ್. ಮೇಸ್ತ್ರಿಗೆ ಮಾಡಿದಳು.

"ಮೇಸ್ತ್ರಿ, ನಾಳೆ ಸುರೀಬೇಡಿ. ಮಧ್ಯೆ ಪಿಲ್ಲರ್ ಇದೆ ಅಂತ ಸುಳ್ಳು ಲೆಕ್ಕ ಕಳಿಸಿದೀನಿ."

ಆ ಕಡೆ ಟಾರ್ಚ್ ಒತ್ತಿದ ಸದ್ದು. ಟಕ್.

"ಇದೆಯಲ್ಲ ತಾಯಿ..."

"ಕಾಂಕ್ರೀಟು ಹೊರೋಕೆ ಕೊಟ್ಟ ಸೆಂಟ್ರಿಂಗ್ ಮರಗಳವು, ಮೇಸ್ತ್ರಿ."

"ಮರ ನಾನೇ ನಿಲ್ಲಿಸಿದ್ದು. ಇದು ಅದಲ್ಲ. ಮರಕ್ಕೆ ಹೆಗಲಿರುತ್ತಾ?"

"ಹೊರಗೆ ಬನ್ನಿ!"

"ನನ್ನ ಕಡೆ ತಿರುಗ್ತಿದೆ... ಹೊರೆ ನೀನು ತಗೋ, ಕೈ ಬದಲಾಯಿಸು ಅಂತಿದೆ..."

ಫೋನ್ ಕಟ್.

ಅಕ್ಕ ಬರಿಗಾಲಲ್ಲೇ ಓಡಿದಳು. ಬೆಳಗಾಗೋವರೆಗೂ ಗೇಟಿಗೆ ಅಡ್ಡ ನಿಂತಳು. ಲಾರಿ ಬಂತು, ವಾಪಸ್ ಹೋಯ್ತು. ಸಾಹೇಬರು ಕ್ಷಮೆ ಕೇಳಿದರು. ಮೇಸ್ತ್ರಿ ಮರಳಿನ ಗುಡ್ಡೆ ಹಿಂದಿನಿಂದ ಕಣ್ಣುಜ್ಜಿಕೊಂಡು ಎದ್ದು ಬಂದ...

ಇಲ್ಲಿಗೇ ನಿಲ್ಲಿಸೋಣ ಅಂತಿದ್ದೆ. ಮನೇಲಿ ಚಿಕ್ಕವರಿಗೆಲ್ಲ ಹೀಗೇ ಹೇಳೋದು ನಾನು. ಆದ್ರೆ ಈ ಕೊನೆ ನಾನೇ ಕಟ್ಟಿದ್ದು.

ಅಕ್ಕ ಓಡಿದ್ದು ನಿಜ. ಕಟ್ಟಡದಲ್ಲಿ ಯಾರೂ ಇರಲಿಲ್ಲ. ಆರಕ್ಕೆ ಲಾರಿ ಬಂತು. ಅವಳು ಗೇಟಿನ ಹತ್ತಿರವೇ ನಿಂತಿದ್ದಳು, ಬಾಯಿ ಬರಲಿಲ್ಲ. ನಿಲ್ಲಿಸಿ ಅಂದಿದ್ರೆ ಯಾಕೆ ಅಂತ ಹೇಳಬೇಕಿತ್ತು. ಘರ್ರ್... ಅಂತ ಸುರಿದರು. ಮೇಸ್ತ್ರಿ ಊರುಬಿಟ್ಟು ಹೋದ ಅಂದರು. ಅವನ ಹೆಂಡತಿ ಮೊನ್ನೆ ಮೊನ್ನೆವರೆಗೂ ನಮ್ಮ ದೊಡ್ಡಮ್ಮನ ಮನೆ ಬಾಗಿಲಿಗೆ ಬಂದು, ಆ ರಾತ್ರಿ ಏನಂದ್ರು ಅಂತ ಕೇಳ್ತಿದ್ದಳು. ಅಕ್ಕ ಒಳಗಿದ್ದೂ ದೊಡ್ಡಮ್ಮನ ಬಾಯಲ್ಲಿ ಇಲ್ಲ ಅನ್ನಿಸ್ತಿದ್ದಳು.

ತಿಂಗಳಾದ ಮೇಲೆ ಸೆಂಟ್ರಿಂಗ್ ಬಿಚ್ಚಿದರು. ಅಕ್ಕ ಬೀಮಿನ ತುದಿಯಿಂದ ತುದಿಗೆ ದಾರ ಕಟ್ಟಿ ನೋಡಿದಳು. ಕೂದಲೆಳೆಯಷ್ಟೂ ಬಾಗಿಲ್ಲ. ಸಾಹೇಬರು ಬೆನ್ನು ತಟ್ಟಿದರು. ಎಂಥ ಗಟ್ಟಿ ಬೀಮಾದ್ರೂ ಒಂದಿಷ್ಟು ಬಾಗಲೇಬೇಕು ಕಣೋ, ಅಂತ ನನ್ನ ಹತ್ರ ಅಳ್ತಾಳೆ.

ಈಗ ಅಲ್ಲಿ ಶಾಲೆ ನಡೀತಿದೆ. ಆಣೆ ಮಾಡಿ ಹೇಳ್ತೀನಿ, ಜವಾನ ದಿನಾ ಸಂಜೆ ಬೆಂಚುಗಳನ್ನ ಸಾಲಾಗಿ ಜೋಡಿಸಿ ಬೀಗ ಹಾಕ್ತಾನೆ. ಬೆಳಗ್ಗೆ ತೆಗೆದ್ರೆ ಬೀಮಿನ ನಟ್ಟನಡುವಿನ ಕೆಳಗಿರೋ ಬೆಂಚು ಒಂದೇ ಒಂದು, ಎರಡು ಅಡಿ ಪಕ್ಕಕ್ಕೆ ಸರಿದಿರುತ್ತೆ.