ಮೂರು ಹೊಡೆದು ಒಂಬತ್ತು

ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕ ಅಕ್ಕ ತಂಗಿ ಕೂತಿದ್ದರು. ಗೊಂಬೆಯಾಟದ ಕಲಾವಿದೆಯಾದ ಅಕ್ಕ ಸರ್ಕಾರದ ಕಲಾ ಅನುದಾನದ ಅರ್ಜಿಗಳಿಗೆ ಅಂಕ ಕೊಟ್ಟು ಆಗಷ್ಟೇ ಬಂದಿದ್ದಳು.

"ಒಂದು ಅರ್ಜಿ ಕಿವಿ ಕೇಳಿಸದವರ ನಾಟಕದ್ದು ಕಣೇ. ಓದಿ ಹತ್ತಕ್ಕೆ ಮೂರು ಹಾಕಿದ್ದೆ."

"ಆಮೇಲೆ?"

"ನನ್ನ ಜೊತೆ ಅಂಕ ಹಾಕ್ತಿದ್ದ ಡ್ಯಾನ್ಸರ್ ಎದ್ದು ಆ ನಾಟಕದ ಒಂದು ಪುಟಾನ ಬರೀ ಕೈಯಲ್ಲೇ ಆಡಿ ತೋರಿಸಿದ್ರು. ಮೈ ಜುಮ್ಮಂತು. ಮೂರು ಹೊಡೆದು ಒಂಬತ್ತು ಹಾಕ್ದೆ."

"ಅಂಕ ಬದಲಾಯಿಸೋಕೆ ಅಲ್ಲಿದ್ದ ಸರ್ಕಾರಿ ಅಧಿಕಾರಿ ಬಿಟ್ರಾ?"

"ಅವರು ಬರ್ಕೊಳ್ಳೋದಷ್ಟೇ. ತೀರ್ಮಾನ ಕಲಾವಿದರದ್ದೇ. ಉಳಿದಿದ್ದ ಕೊನೇ ಅನುದಾನ ಆ ನಾಟಕದವರಿಗೇ ಹೋಯ್ತು."

"ನಿನ್ನ ಅರ್ಜಿ?"

"ಅಂಕ ಹಾಕೋರು ಈ ವರ್ಷ ಅರ್ಜಿ ಹಾಕೋ ಹಾಗಿಲ್ಲ."

"ಊರಿಗೆಲ್ಲ ಉಪಕಾರ. ನಿನಗೇನು ಬಂತಕ್ಕಾ?"

"ಆ ನಾಟಕ ನೋಡೋಕೆ ಸಿಗುತ್ತಲ್ಲೇ. ಮೊದಲನೇ ಸಾಲಲ್ಲೇ ಕೂರ್ತೀನಿ."

ಬಸ್ಸು ಬಂತು. ತಂಗಿ ಚೀಲ ಎತ್ತಿಕೊಂಡಳು.

"ಹಾಗಾದ್ರೆ ಅವತ್ತು ಪಕ್ಕದಲ್ಲಿ ನನಗೂ ಒಂದು ಸೀಟು ಹಿಡಿ," ಎನ್ನುತ್ತಾ ಅಕ್ಕನ ಹಿಂದೆಯೇ ಹತ್ತಿದಳು.