ಎಲ್ಲರಿಗೂ ಒಂದೇ ಅಳತೆಯ ಹಾಳೆ

...ಕುಂದ್ರು ರುಚಿತಾ, ನಿಂತೇ ಕೊಡಬೇಕಂತ ಕಾಯ್ದೆ ಇಲ್ಲ. ನಿಮ್ಮೂರು ಸಂಭಾಜಿನಗರದಿಂದ ಬೆಳಗಿನ ಬಸ್ಸಿಗೆ ಬಂದೀ, ಚಹಾ ಆದ್ರೂ ಕುಡಿ. ಬ್ಯಾಡ? ಬಿಡು.

ನಾ ಕಳಿಸಿದ ಕಾಗದ ತಂದೀ ಅಲ್ಲ? ಏನಿಲ್ಲ ಅದರಾಗ. "ತಪ್ಪು ನನ್ನದು" ಅಂತ ಮೂರು ಸಾಲು. ಸಹಿ ಹಾಕಿದ್ರ ನೌಕರಿ ಕಾಯಂ ಆಗೋದು ಒಂದು ವರ್ಷ ಮುಂದ ಹೋಗತದ, ಅಷ್ಟೇ. ಹಾಕದಿದ್ರ... ನಾಳೆಯಿಂದ ಬರಬ್ಯಾಡ ಅಂತಾರ. ನಾನಲ್ಲವ್ವ, ಮ್ಯಾಲಿನವರು.

ತಲಿ ಯಾಕ ಬಗ್ಗಿಸ್ತೀ? ಛಲೋ ಕೆಲಸಾನೇ ಮಾಡಿದ್ದಿ! ನಮ್ಮ ಎಮ್ಯುಲೇಟರ್ ಹನ್ನೆರಡು ನಮೂನಿ ಯಂತ್ರದ ವೇಷ ಹಾಕೋ ಪ್ರೋಗ್ರಾಂ. ಯಂತ್ರ ತನ್ನ ಮೆಮೊರಿನ ತುಂಡು ತುಂಡು ಮಾಡಿ ಇಡತದ, ಆ ತುಂಡಿಗೆ ಹಾಳೆ ಅಂತಾರ; ಒಂದೊಂದು ಯಂತ್ರಕ್ಕ ಒಂದೊಂದು ಅಳತೆಯ ಹಾಳೆ. ಆ ಅಳತೆ ಹೇಳೋ ಕೋಡು ಹನ್ನೆರಡು ಕಡೆ ನಕಲಾಗಿ ಬಿದ್ದಿತ್ತು. ನೀನು ಎಲ್ಲಾರಿಗೂ ಸೇರಿ ಒಂದೇ ಕೋಡು ಮಾಡಿದಿ. ಸಭೆಯೊಳಗ ನಾನೇ ಎದ್ದು ಹೇಳಲಿಲ್ಲೇನು? ...ಹೌದು, "ನಾ ಮಾಡಿಸಿದೆ" ಅಂದೆ. ಸುಳ್ಳಾ?

ಆ ಕೋಡಿಗೆ ಹೆಸರಂತೂ ಏನು ಇಟ್ಟಿದ್ದಿ! "ಹಾಳೆ ಕೇಳು"! ಬಾಯಿ ತೆರೆದ್ರ ಅರ್ಧ ಮರಾಠಿ, ಕೋಡಿನ್ಯಾಗ ಮಾತ್ರ ಕನ್ನಡ. ನಾ ಗಡಿಯ ಭಾಲ್ಕಿಯವ, ಎರಡೂ ಬರತಾವ, ಅದಕ್ಕ ತಿಳೀತು. ಕೇಳು ಅಂತ ಹೆಸರು, ಒಳಗ ಯಾವ ಯಂತ್ರಕ್ಕೂ ಅದರ ಅಳತೆ ಕೇಳಿಲ್ಲ! ಎಲ್ಲಾರಿಗೂ ನಾಲ್ಕು ಸಾವಿರದ ತೊಂಬತ್ತಾರು ಅಂತ ಬರೆದು ಕುಂತಿ. ಹದಿನಾರು ಸಾವಿರದ ಹಾಳೆ ಇರೋ ಯಂತ್ರ ಗಿರಾಕಿ ಎದುರೇ ಮಕಾಡೆ ಬಿತ್ತು.

ನೆನಪಿಲ್ಲ? ಕೋಡು ಯಾರು ಯಾವಾಗ ತಿದ್ದಿದ್ರು ಅನ್ನೋ ದಾಖಲೆಯೊಳಗ ನಿನ್ನ ಹೆಸರೇ ಅದ. ಮಂಗಳವಾರ, ಮಧ್ಯಾಹ್ನ ಒಂದೂ ಇಪ್ಪತ್ತಕ್ಕ.

...ಹಂಗ್ಯಾಕ ನೋಡ್ತೀ? ಏನರೇ ಅನ್ನು. ಶಿವಕಾಂತಣ್ಣ ಅಂತ ಬಾಯಿ ತುಂಬ ಕರಿತಿದ್ದಿ, ಈಗ ಬೈ ಬೇಕಾದ್ರ... ಹಿಂಗ ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ!

ಆತು. ನಿನಗ ಗೊತ್ತಾಗೇದ. ನೀ ಡಬ್ಬಿ ತಗೊಂಡು ಊಟಕ್ಕ ಹೋಗಿದ್ದಿ, ನಿನ್ನ ಕಂಪ್ಯೂಟರ್ ತೆರೆದೇ ಇತ್ತು. ಪ್ರತಿ ಸಲ ಯಂತ್ರಕ್ಕ ಅಳತೆ ಕೇಳ್ತಾ ಕುಂತ್ರ ನಿಧಾನ ಆಗತದ ಅಂತ ಒಂದು ಸಾಲು... ಒಂದೇ ಸಾಲು ನಾನೇ ತಿದ್ದಿದೆ. ಇಪ್ಪತ್ತು ವರ್ಷದಾಗ ನಾ ನೋಡಿದ ಯಂತ್ರ ಎಲ್ಲಾ ನಾಲ್ಕು ಸಾವಿರದ್ದೇ!

ಕಣ್ಣು ಯಾಕ ಅಷ್ಟು ದೊಡ್ಡವು ಮಾಡ್ತೀ? ...ತಡಿ. ನಿನಗ ಗೊತ್ತಿರಲಿಲ್ಲೇನು? ಇಷ್ಟು ದಿನ ನಿಂದೇ ತಪ್ಪು ಅಂತ ನೀನೂ...

ಎಲ್ಲಿ, ಕಾಗದ ತಾ ಇತ್ತ. ಮಡಿಕಿ ಬಿಚ್ಚು.

...ಸಹಿ ಊರಾಗೇ ಮಾಡಿಕೊಂಡು ಬಂದೀ?