ತಲೆ ಇಲ್ಲದ ಮಾವಿನಹಣ್ಣು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಬೆಳೆಗಾರರ ಸಂಘದ ಹಿರಿಯರೇ, ತಡವಾದರೂ ಬಂದೇ ಬಂದ ಮುಖ್ಯ ಅತಿಥಿಗಳೇ, ಮುಂದಿನ ಎರಡು ಸಾಲು ತುಂಬಿ ಕೈಕಟ್ಟಿ ಕುಳಿತಿರುವ ನನ್ನ ವರ್ತಕ ಮಿತ್ರರೇ, ಹಿಂದಿನ ಸಾಲುಗಳಲ್ಲಿ ತಿಂಡಿ ಕೊಡುವ ಬಾಗಿಲಿನ ಕಡೆಗೇ ಕಣ್ಣು ನೆಟ್ಟಿರುವ ಸಭಿಕರೇ,

ಮಾವಿನಹಣ್ಣಿಗೆ ಬಿಸಿನೀರಿನ ಸ್ನಾನ ಮಾಡಿಸಿದ್ದಕ್ಕಾಗಿ ನನ್ನ ತಂಗಿಗೆ ಇವತ್ತು ಸನ್ಮಾನ. ಸಂತೋಷ. ಚಪ್ಪಾಳೆ ತಟ್ಟಿ. ನಾನೂ ತಟ್ಟುತ್ತೇನೆ, ಅಣ್ಣನಾದವನು ತಟ್ಟದಿದ್ದರೆ ನಾಳೆ ಊರು ಆಡಿಕೊಳ್ಳುತ್ತದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹೋದ ವರ್ಷ ಇವಳು ಊರಾಚೆ ಒಂದು ಶೆಡ್ಡು ಹಾಕಿದಳು. ಮರದಿಂದ ಇಳಿಸಿದ ಮಾವಿನಕಾಯಿ ನೇರವಾಗಿ ಅಲ್ಲಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಏನೇನೋ ಉಪಚಾರ ನಡೆಯುತ್ತದೆ. ನಮ್ಮಲ್ಲಿ ವಾರದೊಳಗೆ ಕೊಳೆಯುವ ಹಣ್ಣು ಅವಳಲ್ಲಿ ತಿಂಗಳು ದಾಟಿದರೂ ಕೊಳೆಯುವುದಿಲ್ಲವಂತೆ. ಬೆಳೆಗಾರರು ಕುಣಿದಾಡುತ್ತಿದ್ದಾರೆ. ಆದರೆ ಆ ಹಣ್ಣನ್ನು ಮಾರುಕಟ್ಟೆಯ ವರ್ತಕರು ಕೊಳ್ಳಬೇಕಲ್ಲ? ಕೊಳ್ಳದಿದ್ದರೆ ಶೆಡ್ಡಿಗೆ ಬೀಗ. ಕೊಳ್ಳಬೇಕೋ ಬೇಡವೋ ಎಂಬ ಮಾತನ್ನು ವರ್ತಕರೆಲ್ಲ ಸೇರಿ ನನಗೆ ಬಿಟ್ಟಿದ್ದಾರೆ. ಏಕೆ? ನಾನು ಅವರ ಅಧ್ಯಕ್ಷ. ಮೇಲಾಗಿ, ಹಣ್ಣನ್ನು ಮೂಸಿಯೇ ಅದರ ಜಾತಕ ಹೇಳುವವನು. ನನ್ನ ಬೆನ್ನ ಹಿಂದೆ ನೀವೆಲ್ಲ 'ಮೂಗಣ್ಣ' ಎನ್ನುತ್ತೀರೆಂದು ನನಗೆ ಗೊತ್ತಿಲ್ಲವೆಂದುಕೊಂಡಿರಾ?

ಆ ಶೆಡ್ಡನ್ನು ನೋಡಿ ಬಂದಿದ್ದೇನೆ. ಬಾಗಿಲಲ್ಲೇ ಒಬ್ಬ ಹೆಣ್ಣುಮಗಳು ನನ್ನನ್ನು ತಡೆದಳು. "ಉಗುರು ತೋರಿಸಿ ಯಜಮಾನ್ರೇ" ಅಂದಳು. ಈ ವಯಸ್ಸಿನಲ್ಲಿ ನನ್ನ ಉಗುರು! ತೋರಿಸಿದೆ. "ಉದ್ದ ಇದೆ, ಕತ್ತರಿಸ್ಕೊಳಿ, ಹಣ್ಣಿಗೆ ಗೀರು ಬೀಳುತ್ತೆ" ಅಂದಳು. ಮಿತ್ರರೇ, ನಾವು ನಡೆಸುತ್ತಿರುವುದು ಹಣ್ಣಿನ ವ್ಯಾಪಾರವೋ ಬಾಣಂತಿ ಕೋಣೆಯೋ? ಒಳಗೆ ಹೋದರೆ ದೊಡ್ಡ ತೊಟ್ಟಿ, ಅದರಲ್ಲಿ ಹಬೆಯಾಡುವ ನೀರು. ಕಾಯಿಗಳು ಅದರಲ್ಲಿ ಮುಳುಗಿ ಏಳುತ್ತವೆ. ನಮ್ಮ ಮನೆಯಲ್ಲಿ ಚಳಿಗಾಲದಲ್ಲಿ ಮಕ್ಕಳಿಗೇ ಬಿಸಿನೀರು ಇರಲಿಲ್ಲ! ಆಮೇಲೆ ಅವಕ್ಕೆ ಫ್ಯಾನ್ ಗಾಳಿ, ಆಮೇಲೆ ತಣ್ಣನೆಯ ಕೋಣೆ. ಬುಟ್ಟಿಯಿಂದ ಸುರಿಯುವಂತಿಲ್ಲ, ಒಂದೊಂದನ್ನೇ ಎತ್ತಿ ಮಲಗಿಸಬೇಕು.

"ಇದೆಲ್ಲ ಯಾಕಮ್ಮ?" ಎಂದು ತಂಗಿಯನ್ನು ಕೇಳಿದೆ. "ಕಿತ್ತ ಮೇಲೂ ಹಣ್ಣು ಉಸಿರಾಡ್ತಾ ಇರುತ್ತೆ ಅಣ್ಣ. ಸೆಕೆಯಲ್ಲಿಟ್ರೆ ಏದುಸಿರು ಬಿಟ್ಟು ಬೇಗ ಮುದಿಯಾಗುತ್ತೆ. ತಣ್ಣಗಿಟ್ರೆ ನಿಧಾನ" ಅಂದಳು. "ಹಾಗಿದ್ರೆ ನನ್ನನ್ನೂ ಒಳಗೆ ಸೇರಿಸ್ಕೊ ಮಾರಾಯ್ತಿ, ಮೆಟ್ಟಿಲು ಹತ್ತಿದ್ರೆ ನನಗೂ ಏದುಸಿರು ಬರುತ್ತೆ" ಅಂದೆ. ನಗಲಿಲ್ಲ. ಇವಳು ಚಿಕ್ಕಂದಿನಿಂದಲೂ ಹೀಗೆಯೇ, ಕೆಲಸದ ನಡುವೆ ನಗುವುದಿಲ್ಲ.

ನಾನು ಕೇಳುತ್ತೇನೆ, ಹಣ್ಣು ಕೊಳೆಯದಿದ್ದರೆ ವ್ಯಾಪಾರ ಎಲ್ಲಿಂದ ಬರಬೇಕು? ಕೊಳೆಯುತ್ತದೆಂಬ ಅವಸರವಿದ್ದರಲ್ಲವೇ ಗಿರಾಕಿ ಇವತ್ತೇ ಕೊಳ್ಳುವುದು? ಕೊಳೆಯುತ್ತದೆಂಬ ಭಯವಿದ್ದರಲ್ಲವೇ, ಹೊತ್ತು ಇಳಿಯುತ್ತಿದ್ದಂತೆ ಬೆಳೆಗಾರ ಮೆತ್ತಗಾಗಿ ನಾವು ಹೇಳಿದ ರೇಟಿಗೆ ತಲೆ ಅಲ್ಲಾಡಿಸುವುದು? ಬೆಳಿಗ್ಗೆ ನಮ್ಮ ಮೇಲೆ ಎಗರಾಡಿದವನೇ ಸಂಜೆ "ಏನಾದರೂ ಕೊಡಿ ಸ್ವಾಮಿ" ಎನ್ನುವುದು...

ಈ ಮಾತನ್ನು ಬೆಳೆಗಾರರ ವೇದಿಕೆಯ ಮೇಲೆ ಹೇಳಬಾರದಿತ್ತು. ಅಧ್ಯಕ್ಷರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ನೋಡಲಿ. ಅವರಿಗೆ ಇದು ಹೊಸ ವಿಷಯವೇನಲ್ಲ.

ನಾನೂ ಇವಳೂ ಹುಟ್ಟಿದ್ದು ಹಣ್ಣಿನಂಗಡಿಯ ಹಿಂದಿನ ಮನೆಯಲ್ಲಿ. ಜನ ನಮ್ಮನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. "ನಿಮಗೇನಪ್ಪ, ಬೇಕಾದಷ್ಟು ಹಣ್ಣು!" ಎನ್ನುತ್ತಿದ್ದರು. ಬೆಳಕು ಹರಿಯುವ ಮೊದಲೇ ಅಮ್ಮ ಹೊಸಿಲ ಬಳಿ ಕೂತು ಹಣ್ಣು ಆರಿಸುತ್ತಿದ್ದಳು. ಮಾವು ಕೊಳೆಯಲು ಶುರುವಾಗುವುದು ತೊಟ್ಟಿನಲ್ಲಿ. ಹೆಬ್ಬೆರಳಿನಿಂದ ತೊಟ್ಟು ಒತ್ತುತ್ತಿದ್ದಳು. ಗಟ್ಟಿ ಇದ್ದರೆ ಅಂಗಡಿಗೆ, ಮೆತ್ತಗಿದ್ದರೆ ಮಡಿಲಿಗೆ. ಮಡಿಲಿಗೆ ಬಿದ್ದದ್ದರ ತಲೆಯನ್ನು, ಅಂದರೆ ತೊಟ್ಟಿನ ಕಡೆಯ ತುಂಡನ್ನು, ಚಾಕುವಿನಿಂದ ಕಚಕ್ಕನೆ ಹಾರಿಸಿ ನಮಗೆ ಕೊಡುತ್ತಿದ್ದಳು. ತುದಿಯ ಕಡೆಯ ಅರ್ಧ ನನಗೆ, ಏಕೆಂದರೆ ನಾನು ಅಂಗಡಿಯಲ್ಲಿ ನಿಲ್ಲುವವನು. ಕೊಯ್ದ ಕಡೆಯ ಅರ್ಧ ಇವಳಿಗೆ. ಅದರಲ್ಲಿ ಸ್ವಲ್ಪ ಹುಳಿ ವಾಸನೆ ಇರುತ್ತಿತ್ತು. ಇವಳು ಒಂದು ದಿನವೂ ಮುಖ ಸಿಂಡರಿಸಲಿಲ್ಲ, ಅದನ್ನು ನಾನು ಹೇಳಲೇಬೇಕು. ಚೆನ್ನಾಗಿರುವ ಹಣ್ಣಿನ ಕಡೆ ಕೈ ಚಾಚಿದರೆ ಅಪ್ಪ ಅಲ್ಲಿಂದಲೇ ಗದರುತ್ತಿದ್ದ, "ಏಯ್, ಅದು ಮಾರೋದು!"

ಇವಳ ಪ್ರತಿಭೆಯನ್ನು ಇಲ್ಲಿ ಎಲ್ಲರೂ ಹೊಗಳಿದರು. ನಾನೊಂದು ಹೇಳುತ್ತೇನೆ ಕೇಳಿ. ಶಾಲೆಯಲ್ಲಿ ಮಾವಿನಹಣ್ಣಿನ ಚಿತ್ರ ಬರೆಯಲು ಹೇಳಿದ್ದರು. ಇವಳು ತಲೆಯೇ ಇಲ್ಲದ ಹಣ್ಣು ಬರೆದಳು, ಮೇಲ್ಗಡೆ ಗೆರೆ ಎಳೆದಂತೆ ಚಪ್ಪಟೆ! ಟೀಚರು ಮನೆಯವರನ್ನು ಕರೆಸಿದರು. ಅಪ್ಪನಿಗೆ ಬಿಡುವಿಲ್ಲ, ನಾನು ಹೋದೆ. "ಹಣ್ಣಿನಂಗಡಿಯವರ ಮಗಳಿಗೆ ಮಾವಿನಹಣ್ಣು ಹೇಗಿರುತ್ತೆ ಅಂತ ಗೊತ್ತಿಲ್ವೇನ್ರೀ?" ಎಂದು ಟೀಚರು ಕೇಳಿದರು. ಇವಳು ತಲೆ ತಗ್ಗಿಸಿಕೊಂಡೇ, "ನಮ್ಮನೆ ಹಣ್ಣು ಹೀಗೇ ಇರೋದು ಮಿಸ್. ತಲೆ ಇರೋದು ಅಂಗಡಿ ಹಣ್ಣು" ಅಂದಳು.

ಎಷ್ಟು ನಕ್ಕಿದ್ದೆ ಗೊತ್ತೇ! ಇಡೀ ಮಾರುಕಟ್ಟೆಗೆ ಹೇಳಿಕೊಂಡು ಬಂದೆ. ಎಷ್ಟೋ ವರ್ಷ ಇವಳು ಅಂಗಡಿಗೆ ಬಂದರೆ ಸಾಕು, ಹಮಾಲಿಗಳೂ "ತಲೆ ಎಲ್ಲಮ್ಮ?" ಎಂದು ರೇಗಿಸುತ್ತಿದ್ದರು. ಆಮೇಲೆ ಇವಳು ಅಂಗಡಿಯ ಕಡೆ ಬರುವುದನ್ನೇ ಬಿಟ್ಟಳು. ಓದಿದಳು. ಓದಿ ಓದಿ ಕೊನೆಗೆ ಏನು ಮಾಡಿದಳು? ತೊಟ್ಟು ಕೊಳೆಯದಂತೆ ಮಾಡುವುದು ಹೇಗೆಂದು ಕಂಡುಹಿಡಿಯಲು ಹೋದಳು. ಜಗತ್ತಿನಲ್ಲಿ ಬೇರೆ ವಿಷಯವೇ ಇರಲಿಲ್ಲವೇ? ನನಗಂತೂ ಅರ್ಥವಾಗಿಲ್ಲ.

ಯಾರಮ್ಮ ಅದು, ವೇದಿಕೆಗೆ ತಟ್ಟೆ ತರುತ್ತಿರುವುದು? ಓ, ಸನ್ಮಾನಿತೆಯೇ ಬಂದರು. ಕಳೆದ ತಿಂಗಳು ಕಿತ್ತ ಹಣ್ಣಂತೆ. ನಾನು ಎಲ್ಲರೆದುರಿಗೆ ಪರೀಕ್ಷೆ ಮಾಡಬೇಕಂತೆ. ಆಗಲಿ, ಮೂಗಣ್ಣ ಹೆದರುವವನಲ್ಲ. ಬಣ್ಣ... ಪರವಾಗಿಲ್ಲ. ವಾಸನೆ... ಹೂಂ, ಮಾವಿನದೇ ವಾಸನೆ. ತೊಟ್ಟು ಒತ್ತುತ್ತೇನೆ, ನೋಡಿ. ಗಟ್ಟಿ ಇದೆ. ಕೊಳೆತಿಲ್ಲ, ಒಪ್ಪಿದೆ. ಆದರೆ ನೋಟಕ್ಕೆ ಚೆಂದವಿದ್ದರೆ ಆಯಿತೇ? ರುಚಿ ನೋಡಿ ಹೇಳುತ್ತೇನೆ, ತಾಳಿ, ಜೇಬಿನಲ್ಲಿ ನನ್ನ ಚಾಕು ಇದೆ...

ಏಕೆ ನಗುತ್ತಿದ್ದೀರಿ? ಇದರಲ್ಲಿ ನಗುವಂಥದ್ದು ಏನಿದೆ?

ಓ.

ತಲೆ ಹಾರಿಸಿಬಿಟ್ಟಿದ್ದೇನೆ. ಗಟ್ಟಿ ಇದೆ ಎಂದು ಈಗತಾನೇ ನನ್ನ ಬಾಯಿಂದಲೇ ಹೇಳಿದೆ. ಆದರೂ ಕೈ ಅದರ ಪಾಡಿಗೆ ಅದು ತಲೆ ತೆಗೆದಿದೆ. ನಗಿ, ನಗಿ. ನಾನೂ ಒಂದು ಕಾಲದಲ್ಲಿ ನಕ್ಕವನೇ. ಇಡೀ ಸಭೆಯಲ್ಲಿ ಇವಳೊಬ್ಬಳು ನಗುತ್ತಿಲ್ಲ.

ಈ ತುಂಡನ್ನು ನಾನು ಜೀವಮಾನವಿಡೀ ಕಸದ ಬುಟ್ಟಿಗೆ ಎಸೆದಿದ್ದೇನೆ. ಇದರ ರುಚಿ ಹೇಗಿರುತ್ತದೆಂದು ನನಗೆ ಗೊತ್ತಿಲ್ಲ. ರಾಶಿ ರಾಶಿ ಹಣ್ಣು ಮಾರಿದವನಿಗೆ ಗೊತ್ತಿಲ್ಲ ಎಂದರೆ ನೀವು ನಂಬುತ್ತೀರಾ? ಸ್ವಲ್ಪ ತಾಳಿ.

ಸಿಹಿಯಾಗಿದೆ. ಇಲ್ಲೂ ಸಿಹಿಯಾಗಿಯೇ ಇದೆ. ಹುಳಿ ವಾಸನೆ ಇಲ್ಲವಮ್ಮ.

ಭಾಷಣ ಮುಗಿಸುತ್ತೇನೆ. ವರ್ತಕ ಮಿತ್ರರೇ, ನಾಳೆಯಿಂದ ಮಾರುಕಟ್ಟೆ ಈ ಹಣ್ಣನ್ನು ಕೊಳ್ಳುತ್ತದೆ. ಹುಬ್ಬು ಗಂಟಿಕ್ಕಬೇಡಿ, ಮಾತನ್ನು ನನಗೆ ಬಿಟ್ಟವರು ನೀವೇ. ಸಂಜೆಯ ರೇಟಿನ ಆಟ ನಿಂತು ನಮಗೆ ನಷ್ಟವಾಗುತ್ತದೆ. ಆಗಲಿ. ಉಗುರು ಕತ್ತರಿಸಿಕೊಂಡು ಬನ್ನಿ.

ತಂಗೀ, ಈ ಚಾಕು ನೀನೇ ಇಟ್ಕೊ, ನನ್ನ ಕೈಗೆ ಕೊಡಬೇಡ. ಇನ್ನೊಂದು ಹಣ್ಣು ತಾ. ತಲೆ ಇರೋದು. ಅಂಗಡಿ ಹಣ್ಣು. ನನಗೊಂದು, ನಿನಗೊಂದು.

ಕರೆದವರಿಗೂ, ಕೇಳಿದವರಿಗೂ, ನಕ್ಕವರಿಗೂ, ನಗದೆ ನಿಂತಿರುವ ಈ ಒಬ್ಬಳಿಗೂ ನನ್ನ ವಂದನೆ. ತಿಂಡಿಯ ಬಾಗಿಲು ತೆರೆದಿದ್ದಾರೆ, ಹೊರಡಿ. ನಾವಿಬ್ಬರೂ ಸ್ವಲ್ಪ ಹೊತ್ತು ಇಲ್ಲೇ ಇರುತ್ತೇವೆ. ನಮಸ್ಕಾರ.